ಬೇಗ ಕರಗುವ ಎಲೆಗೆ ಬೇಗ ಬೀಳುವ ಹುಳ: ಪೂರ್ವ ಜಾಂಬಿಯಾದ ಒಂದು ಪ್ರಕರಣ

ಬದುವಿನ ಮೇಲಿನ ಗೊಬ್ಬರದ ಗಿಡಕ್ಕೆ, ಅಂದರೆ ಗ್ಲಿರಿಸಿಡಿಯಾಕ್ಕೆ, ಯಾರಾದರೂ ಔಷಧಿ ಹೊಡೆದದ್ದನ್ನು ನಾನು ಈವರೆಗೆ ಕಂಡಿಲ್ಲ. ಪಕ್ಕದ ಸಾಲಿನ ಅವರೆ, ಅಲಸಂದೆ ಎಲೆಗಳು ಜರಡಿಯಾಗಿದ್ದರೂ ಇದರ ಎಲೆ ಮಾತ್ರ ತೊಳೆದಿಟ್ಟ ಹಾಗಿರುತ್ತದೆ. "ಆ ಗಿಡಕ್ಕೆ ಹುಳ ಬೀಳಲ್ಲ ಬಿಡಿ" ಎಂದು ರೈತರು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಯಾಕೆ ಬೀಳುವುದಿಲ್ಲ ಎಂದು ಕೆದಕಿದರೆ ಮಾತ್ರ ಉತ್ತರ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಈ ಪ್ರಶ್ನೆಯನ್ನು ಹೊಲದಲ್ಲೇ ಇಟ್ಟು ನೋಡಿದ ಜಾಗವೊಂದು ಆಫ್ರಿಕದಲ್ಲಿದೆ, ಜಾಂಬಿಯಾ ದೇಶದ ಪೂರ್ವ ಪ್ರಾಂತ್ಯ. ಅಲ್ಲಿ ಮಣ್ಣಿಗೆ ಸಾರ ತುಂಬಲೆಂದು ಗ್ಲಿರಿಸಿಡಿಯಾವೂ ಸೇರಿ ನಾಲ್ಕು ದ್ವಿದಳ ಗಿಡಗಳನ್ನು ರೈತರ ಹೊಲಕ್ಕೆ ಇಳಿಸಿದರು. ಒಂದನ್ನು ದುಂಬಿ ಬೋಳಿಸಿತು, ಒಂದನ್ನು ದನ ಮೇಕೆ ಮೇಯ್ದವು, ಎರಡು ಉಳಿದವು. ಉಳಿದ ಎರಡೂ ಒಂದೇ ಕಾರಣಕ್ಕೆ ಉಳಿದವೇ? ನನಗೆ ಈ ಪ್ರಕರಣದಲ್ಲಿ ಆಸಕ್ತಿ ಹುಟ್ಟಿದ್ದೇ ಆ ಪ್ರಶ್ನೆಯಿಂದ.

ಗೊಬ್ಬರ ನಿಂತ ಹೊಲ

ಪೂರ್ವ ಪ್ರಾಂತ್ಯದ ಮುಖ್ಯ ಪಟ್ಟಣ ಚಿಪಾಟಾ. ಮಲಾವಿ ಗಡಿಗೆ ಒತ್ತಿಕೊಂಡ ಪ್ರಸ್ಥಭೂಮಿ, ಸಮುದ್ರಮಟ್ಟದಿಂದ 1,000 ಮೀಟರಿನ ಆಸುಪಾಸು ಎತ್ತರ. ವರ್ಷದ ಮಳೆ ಸುಮಾರು 1,000 ಮಿಲಿಮೀಟರ್. ಅದೆಲ್ಲ ನವೆಂಬರಿನಿಂದ ಏಪ್ರಿಲ್ ಒಳಗೆ ಒಂದೇ ಕಂತಿನಲ್ಲಿ ಸುರಿದು ಮುಗಿಯುತ್ತದೆ, ಮಿಕ್ಕ ಅರ್ಧ ವರ್ಷ ಬಹುಪಾಲು ಒಣ. ಬೆಳೆ ಎಂದರೆ ಮೆಕ್ಕೆಜೋಳ, ಊಟ ಎಂದರೆ ನ್ಶೀಮಾ. ನಮ್ಮ ಮುದ್ದೆಯ ದಾಯಾದಿ ಅದು, ರಾಗಿಯ ಬದಲು ಮೆಕ್ಕೆಜೋಳದ ಹಿಟ್ಟು, ಅಷ್ಟೇ ವ್ಯತ್ಯಾಸ.

ಮೆಕ್ಕೆಜೋಳ ಸಾರಜನಕವನ್ನು ಎಷ್ಟು ಕೊಟ್ಟರೂ ನುಂಗುವ ಬೆಳೆ. ಅಲ್ಲಿನ ಶಿಫಾರಸು ಹೆಕ್ಟೇರಿಗೆ 112 ಕಿಲೋ ಸಾರಜನಕ. ಸರ್ಕಾರ ಸಹಾಯಧನ ಕೊಡುತ್ತಿದ್ದಷ್ಟು ದಿನ ಇದು ಹೇಗೋ ನಡೆಯಿತು. 1991ರಲ್ಲಿ ಸರ್ಕಾರ ಬದಲಾಗಿ, ಆರ್ಥಿಕ ಸುಧಾರಣೆಯ ಹೆಸರಿನಲ್ಲಿ ಸಹಾಯಧನ ಕಳಚಿಬಿದ್ದ ಮೇಲೆ ಸಣ್ಣ ರೈತರಿಗೆ ಗೊಬ್ಬರದ ಚೀಲ ಕೈಗೆಟುಕದಾಯಿತು. ಹಿಂದೆ ಹೊಲ ಸೋತರೆ ಹಲವು ವರ್ಷ ಬೀಳು ಬಿಡುತ್ತಿದ್ದರು. ಕಾಡುಗಿಡ ಬೆಳೆದು, ಎಲೆ ಉದುರಿ, ಮಣ್ಣು ತಾನಾಗಿ ಚೇತರಿಸಿಕೊಳ್ಳುತ್ತಿತ್ತು. ಜನ ಹೆಚ್ಚಿ ಹೊಲ ಕಿರಿದಾದ ಮೇಲೆ ಅಷ್ಟು ಕಾಯುವವರು ಯಾರು?

ಈ ಇಕ್ಕಟ್ಟಿಗೆ ಉತ್ತರ ಹುಡುಕಿದ್ದು ಚಿಪಾಟಾ ಪಕ್ಕದ ಎಂಸೆಕೆರಾ ಸಂಶೋಧನಾ ಕೇಂದ್ರ. ನೈರೋಬಿಯಲ್ಲಿ ಮುಖ್ಯ ಕಚೇರಿ ಇರುವ ಅಂತರರಾಷ್ಟ್ರೀಯ ಕೃಷಿ ಅರಣ್ಯ ಸಂಸ್ಥೆ ಇಕ್ರಾಫ್, ಜಾಂಬಿಯಾದ ವಿಜ್ಞಾನಿಗಳ ಜೊತೆ ಸೇರಿ 1980ರ ದಶಕದ ಕೊನೆಯಲ್ಲಿ ಅಲ್ಲಿ ಕೆಲಸ ಶುರುಮಾಡಿತು. ಫ್ರೆಡಿ ಕ್ವೆಸಿಗಾ ಈ ಕೆಲಸದ ಮುಂಚೂಣಿಯಲ್ಲಿದ್ದವರು. ಅವರ ಉಪಾಯ ಸರಳವಾಗಿತ್ತು. ಬೀಳನ್ನು ಕಾಡಿಗೆ ಬಿಡುವ ಬದಲು ವಾತಾವರಣದ ಸಾರಜನಕ ಹಿಡಿಯುವ ಗಿಡವನ್ನು ನಾವೇ ನೆಡೋಣ, ಹತ್ತು ವರ್ಷದ ಕೆಲಸವನ್ನು ಎರಡು ವರ್ಷಕ್ಕೆ ಇಳಿಸೋಣ. ಆರಿಸಿಕೊಂಡ ಗಿಡ ಸೆಸ್ಬೇನಿಯಾ ಸೆಸ್ಬಾನ್. ಸಂಸ್ಕೃತದ ಜಯಂತಿ ಇದೇ. ನಾವು ಭತ್ತದ ಗದ್ದೆಗೆ ಬಿತ್ತಿ ಉಳುವ ಡಯಂಚ, ಉತ್ತರ ಕರ್ನಾಟಕದವರು ಎಲೆಬಳ್ಳಿ ಹಬ್ಬಿಸಲು ನೆಡುವ ಅಗಸೆ (ಹಳೇ ಮೈಸೂರಿನವರ ಬಾಯಲ್ಲಿ ಚೊಗಚೆ), ಎರಡೂ ಇದೇ ಕುಲದವು.

ಮೀಟರಿಗೊಂದು ಗಿಡ, ಹೆಕ್ಟೇರಿಗೆ 10,000 ಗಿಡ. ಎರಡು ಮೂರು ವರ್ಷ ಬೆಳೆಸಿ ಕಡಿಯುವುದು, ಕಟ್ಟಿಗೆ ಮನೆಗೆ, ಎಲೆ ಮಣ್ಣಿಗೆ, ಆಮೇಲೆ ಮೆಕ್ಕೆಜೋಳ. ಪ್ರಯೋಗದ ತಾಕುಗಳಲ್ಲಿ ಫಲಿತಾಂಶ ಕಣ್ಣು ಕುಕ್ಕುವಂತಿತ್ತು. ಗೊಬ್ಬರ ಕಾಣದ ಹೊಲ ಹೆಕ್ಟೇರಿಗೆ ಒಂದೆರಡು ಟನ್ ಕೊಡುತ್ತಿದ್ದ ಕಡೆ ಎರಡು ವರ್ಷದ ಸೆಸ್ಬೇನಿಯಾ ಬೀಳಿನ ನಂತರದ ಬೆಳೆ ಐದು ಟನ್ ಆಸುಪಾಸು ಮುಟ್ಟಿತು, ಅದೂ ಚೀಲದ ಗೊಬ್ಬರ ಒಂದು ಹಿಡಿಯೂ ಇಲ್ಲದೆ. ಸಾವಿರಾರು ರೈತರು ಇದನ್ನು ಮಾಡಿ ನೋಡಿದರು. 1990ರ ದಶಕದಲ್ಲಿ ಇಕ್ರಾಫ್‌ನ ಮುಖ್ಯಸ್ಥರಾಗಿದ್ದ ಪೆದ್ರೊ ಸಾಂಚೆಜ್ ಅವರಿಗೆ 2002ರ ವಿಶ್ವ ಆಹಾರ ಪ್ರಶಸ್ತಿ ಬಂದಾಗ ಅದರ ಹಿಂದಿದ್ದ ಕಾರಣಗಳಲ್ಲಿ ಗಿಡ ನೆಟ್ಟು ಮಣ್ಣು ಕಟ್ಟುವ ಈ ಕೆಲಸವೂ ಒಂದು.

ಪ್ರಶಸ್ತಿಯ ಸುದ್ದಿಯಲ್ಲಿ ಬರದ ವಿಷಯ ಒಂದಿತ್ತು. ಸೆಸ್ಬೇನಿಯಾದ ಬೀಜ ಬಲು ಸಣ್ಣದು, ನೇರ ಬಿತ್ತಿದರೆ ಕಳೆಯ ನಡುವೆ ಕಳೆದುಹೋಗುತ್ತದೆ. ಹಾಗಾಗಿ ಬೇಸಿಗೆಯಲ್ಲೇ ಮಡಿ ಮಾಡಿ, ನೀರು ಹೊತ್ತು, ಸಸಿ ಎಬ್ಬಿಸಿ, ಮಳೆ ಬಿದ್ದ ಕೂಡಲೇ ಕಿತ್ತು ನಾಟಿ ಮಾಡಬೇಕು. ಹಾಗೆ ಮೈಮುರಿದು ನೆಟ್ಟ ಎಳೆಸಸಿಗೆ ಹುಳ ಬಿದ್ದರೆ ರೈತ ಕಳೆದುಕೊಳ್ಳುವುದು ಬರೀ ಎಲೆಯನ್ನಲ್ಲ, ಇಡೀ ಬೇಸಿಗೆಯ ದುಡಿಮೆಯನ್ನು.

ಮಳೆಯ ಜೊತೆ ಬಂದ ದುಂಬಿ

ಹುಳದ ಹೆಸರು ಮೆಸೊಪ್ಲಾಟಿಸ್ ಓಕ್ರಾಪ್ಟೆರಾ. ಹತ್ತೊಂಬತ್ತನೇ ಶತಮಾನದ ಸ್ವೀಡನ್ನಿನ ಕೀಟಶಾಸ್ತ್ರಜ್ಞ ಕಾರ್ಲ್ ಸ್ಟಾಲ್ ಇಟ್ಟ ಹೆಸರು, 'ಓಕ್ರಾಪ್ಟೆರಾ' ಎಂದರೆ ಮಾಸಲು ಹಳದಿ ರೆಕ್ಕೆಯದು. ಎಲೆದುಂಬಿಗಳ ಕುಟುಂಬಕ್ಕೆ ಸೇರಿದ ಜೀವಿ. ಕುಂಬಳ, ಸೌತೆ ಮೊಳಕೆಯ ಎಲೆಗಳನ್ನು ತೂತು ತೂತು ಮಾಡುವ ಕೆಂಪು ದುಂಬಿಯನ್ನು ನಮ್ಮ ತರಕಾರಿ ಬೆಳೆಗಾರರೆಲ್ಲ ಬಲ್ಲರಷ್ಟೇ, ಅದರ ನೆಂಟ ಇದು. ನೆಂಟಸ್ತಿಕೆಯಲ್ಲಿ ಒಂದು ವ್ಯತ್ಯಾಸವಿದೆ. ಕುಂಬಳದ ದುಂಬಿಯ ಮರಿ ಮಣ್ಣೊಳಗೆ ಬೇರು ತಿನ್ನುತ್ತದೆ, ಮೇಲೆ ಎಲೆ ತಿನ್ನುವುದು ಬೆಳೆದ ದುಂಬಿ ಮಾತ್ರ. ಮೆಸೊಪ್ಲಾಟಿಸ್‌ನಲ್ಲಿ ಮರಿಯೂ ಎಲೆ ತಿನ್ನುತ್ತದೆ, ದುಂಬಿಯೂ ಎಲೆ ತಿನ್ನುತ್ತದೆ. ಮನೆಮಂದಿಯೆಲ್ಲ ಒಂದೇ ಪಂಕ್ತಿಯಲ್ಲಿ ಕೂತ ಹಾಗೆ.

ಇದು ಕಂಡದ್ದನ್ನೆಲ್ಲ ಮುಕ್ಕುವ ಹುಳ ಅಲ್ಲ. ಇದರ ಊಟ ಮುಖ್ಯವಾಗಿ ಸೆಸ್ಬೇನಿಯಾ ಕುಲದ ಗಿಡಗಳೇ. ಹುಳ ಆಫ್ರಿಕದ್ದು, ಗಿಡವೂ ಆಫ್ರಿಕದ್ದು, ಇಬ್ಬರದೂ ಹಳೆಯ ಪರಿಚಯ. ಕಾಡಿನಲ್ಲಿ ಸೆಸ್ಬೇನಿಯಾ ಬೆಳೆಯುವುದು ಹೊಳೆಯಂಚು, ಜೌಗುನೆಲದ ಅಂಚುಗಳಲ್ಲಿ, ಅಲ್ಲೊಂದು ಇಲ್ಲೊಂದು ಗುಂಪಾಗಿ. ದುಂಬಿ ಹುಡುಕಿಕೊಂಡು ಹೋಗಬೇಕು, ಹುಡುಕುವ ದಾರಿಯಲ್ಲಿ ಎಷ್ಟೋ ಸಾಯುತ್ತವೆ. ಹೆಕ್ಟೇರಿಗೆ 10,000 ಸಸಿ, ಎಲ್ಲವೂ ಒಂದೇ ವಯಸ್ಸಿನವು, ಮಳೆಯ ಮೊದಲ ವಾರಗಳಲ್ಲೇ ನೆಟ್ಟವು ಎಂದಾಗ ಆ ಹುಡುಕಾಟವೇ ತಪ್ಪಿತು. 1973ರಲ್ಲಿ ಅಮೆರಿಕದ ರಿಚರ್ಡ್ ರೂಟ್ ಕೋಸುಗಡ್ಡೆ ಜಾತಿಯ ಗಿಡಗಳ ಮೇಲೆ ಮಾಡಿದ ಅಧ್ಯಯನದಿಂದ ಹೇಳಿದ್ದೂ ಇದನ್ನೇ. ಒಂದೇ ಗಿಡ ಒತ್ತಾಗಿರುವ ಕಡೆ ಅದನ್ನೇ ನೆಚ್ಚಿದ ಹುಳ ಬಂದು ನಿಲ್ಲುತ್ತದೆ, ಹೊರಡುವ ಕಾರಣ ಅದಕ್ಕೆ ಸಿಗುವುದಿಲ್ಲ.

ಹೊಲದಲ್ಲಿ ಈ ದುಂಬಿ ಸಮನಾಗಿ ಹರಡಿಕೊಳ್ಳದೆ ಗುಂಪುಗುಂಪಾಗಿ ಇರುತ್ತದೆ. ಒಂದು ಮೂಲೆಯ ಗಿಡಗಳು ಬರೀ ಕಡ್ಡಿಯಾಗಿ ನಿಂತಿದ್ದರೆ ಹತ್ತು ಹೆಜ್ಜೆ ಆಚೆ ಹಸಿರು ಹಾಗೇ ಇರಬಹುದು. ಹೊಲದ ಒಂದು ಬದಿಯನ್ನಷ್ಟೇ ನೋಡಿ "ಪರವಾಗಿಲ್ಲ" ಎಂದು ಮನೆಗೆ ಹೋದ ಸಲಹೆಗಾರ ಮೋಸ ಹೋಗುವುದು ಹೀಗೆ.

ಇಲ್ಲಿ ಗಿಡದ ವಯಸ್ಸು ಎಲ್ಲಕ್ಕಿಂತ ದೊಡ್ಡ ವಿಷಯ. ಸೆಸ್ಬೇನಿಯಾ ಚುರುಕಿನ ಗಿಡ, ಕಾಲೂರಿದ ಮೇಲೆ ಒಂದು ವರ್ಷದಲ್ಲಿ ಆಳೆತ್ತರ ದಾಟುತ್ತದೆ. ಆ ಎತ್ತರಕ್ಕೆ ಬಂದ ಗಿಡದ ಎಲೆ ತಿಂದರೆ ಮತ್ತೆ ಚಿಗುರುತ್ತದೆ, ಬೇರಿನಲ್ಲಿ, ಕಾಂಡದಲ್ಲಿ ಕೂಡಿಟ್ಟದ್ದು ಇರುತ್ತದೆ. ನಾಟಿಯಾದ ಕೆಲವೇ ವಾರದ ಸಸಿಗೆ ಆ ಗಂಟು ಇಲ್ಲ. ಕಿತ್ತು ನೆಟ್ಟ ಆಘಾತ ಬೇರೆ, ಅದರ ಮೇಲೆ ಎಲೆ ಹೋದರೆ ಬೆಳವಣಿಗೆ ನಿಲ್ಲುತ್ತದೆ, ಕಳೆ ಮೇಲೇರುತ್ತದೆ. ಅಂದರೆ ಅದೇ ಗಿಡ ಡಿಸೆಂಬರಿನಲ್ಲಿ ದುರ್ಬಲ, ಮುಂದಿನ ವರ್ಷ ಗಟ್ಟಿ. "ಸೆಸ್ಬೇನಿಯಾ ದುಂಬಿಗೆ ಸೋಲುವ ಗಿಡ" ಎನ್ನುವ ಮಾತು ಅರ್ಧ ಸತ್ಯ ಮಾತ್ರ. ಯಾವ ತಿಂಗಳ ಸೆಸ್ಬೇನಿಯಾ ಎಂದು ಕೇಳಬೇಕು.

ಔಷಧಿ ಹೊಡೆದರೆ ಹುಳ ಸಾಯುತ್ತದೆ, ನಿಜ. ಗೊಬ್ಬರ ಕೊಳ್ಳಲು ದುಡ್ಡಿಲ್ಲ ಎಂದೇ ಗಿಡ ನೆಟ್ಟವನಿಗೆ ಆ ಗಿಡ ಉಳಿಸಲು ಔಷಧಿ ಕೊಳ್ಳಿ ಎಂದು ಹೇಳುವ ಬಾಯಿ ಯಾರಿಗೆ ಬರುತ್ತದೆ? ಮೇಲಾಗಿ ದುಂಬಿ ಏಳುವ ಹೊತ್ತೂ ಮೆಕ್ಕೆಜೋಳದ ಬಿತ್ತನೆ, ಕಳೆ ಕೀಳುವ ಹೊತ್ತೂ ಒಂದೇ. ಕೈ ಖಾಲಿ ಇರುವುದಿಲ್ಲ. ಹೊಲದಲ್ಲಿ ದುಂಬಿಯ ಮರಿಗಳನ್ನು ಹೀರುವ ತಿಗಣೆಗಳಿವೆ, ಇರುವೆಗಳಿವೆ, ಮರಿಯೊಳಗೆ ಮೊಟ್ಟೆಯಿಡುವ ಸಣ್ಣ ಕಣಜಗಳಿವೆ. ಅವು ತಮ್ಮ ಪಾಲಿನ ಕೆಲಸ ಮಾಡುತ್ತವೆ, ಆದರೆ ಅವುಗಳ ಸಂಖ್ಯೆ ಏರುವಷ್ಟರಲ್ಲಿ ಸಸಿಯ ಎಳೆಗಾಲ ಮುಗಿದಿರುತ್ತದೆ. ಹಾಗಾಗಿ ಉಳಿದ ದಾರಿ ಗಿಡವನ್ನೇ ಬದಲಿಸುವುದು.

ಕೊಳೆಯುವ ಎಲೆಯ ಬೆಲೆ

ಇಲ್ಲಿ ಸ್ವಲ್ಪ ನಿಲ್ಲಬೇಕು. ಸೆಸ್ಬೇನಿಯಾವನ್ನು ಮೊದಲು ಆರಿಸಿದ್ದಾದರೂ ಯಾಕೆ?

ಹಸಿರೆಲೆ ಗೊಬ್ಬರಕ್ಕೆ ಯಾವ ಎಲೆ ಒಳ್ಳೆಯದು ಎನ್ನುವುದಕ್ಕೆ ಮಣ್ಣು ವಿಜ್ಞಾನಿಗಳು ಒಂದು ಅಳತೆಗೋಲು ಮಾಡಿಟ್ಟಿದ್ದಾರೆ. ಚೆರಿಲ್ ಪಾಮ್ ಮತ್ತು ಸಂಗಡಿಗರು 2001ರಲ್ಲಿ ಮಂಡಿಸಿದ ಲೆಕ್ಕ ಅದು. ಎಲೆಯಲ್ಲಿ ಸಾರಜನಕ ಶೇ 2.5ಕ್ಕಿಂತ ಹೆಚ್ಚಿರಬೇಕು, ಲಿಗ್ನಿನ್ ಶೇ 15ಕ್ಕಿಂತ ಕಡಿಮೆ, ಪಾಲಿಫೀನಾಲ್ ಶೇ 4ಕ್ಕಿಂತ ಕಡಿಮೆ ಇರಬೇಕು. ಅಂಥ ಎಲೆಯನ್ನು ನೇರ ಮಣ್ಣಿಗೆ ಹಾಕಿದರೆ ಬೇಗ ಕೊಳೆತು ಬೆಳೆಗೆ ಸಾರ ಸಿಗುತ್ತದೆ. ಲಿಗ್ನಿನ್ ಎಂದರೆ ಎಲೆಯ ನಾರು, ಬಿರುಸು. ಪಾಲಿಫೀನಾಲ್ ಎಂದರೆ ಬಹುಪಾಲು ಒಗರು. ಸೆಸ್ಬೇನಿಯಾ ಮೂರು ಪರೀಕ್ಷೆಯಲ್ಲೂ ಪಾಸು. ಮೃದು ಎಲೆ, ಒಗರು ಕಡಿಮೆ, ಸಾರಜನಕ ದಂಡಿ.

ಈ ಪಟ್ಟಿಯನ್ನು ಹುಳದ ಕಣ್ಣಿನಿಂದ ಓದಿದರೆ ಏನು ಕಾಣುತ್ತದೆ? ಪ್ರೋಟೀನು ಹೆಚ್ಚು, ನಾರು ಕಡಿಮೆ, ಒಗರು ಕಡಿಮೆ. ಒಳ್ಳೆಯ ಊಟದ ವಿವರಣೆಯೂ ಇದೇ. ಮಣ್ಣಿನ ಸೂಕ್ಷ್ಮಜೀವಿಗೆ ರುಚಿಸುವ ಎಲೆ ಮರಿಹುಳಕ್ಕೂ ರುಚಿಸೀತು. ಮಣ್ಣಿನ ದೃಷ್ಟಿಯಿಂದ ಆಯ್ಕೆ ಮಾಡುವಾಗ ಗೊತ್ತಿಲ್ಲದೆ ಹುಳದ ಪರವಾಗಿಯೂ ಆಯ್ಕೆ ಮಾಡಿದಂತಾಯಿತು.

ಚೆಂದದ ಸೂತ್ರ, ಆದರೆ ಇದನ್ನೇ ಹಿಡಿದು ಕೂತರೆ ದಾರಿ ತಪ್ಪುತ್ತೇವೆ. ಗ್ಲಿರಿಸಿಡಿಯಾ ಎಲೆಯೂ ಬೇಗ ಕೊಳೆಯುತ್ತದೆ, ಅದರಲ್ಲೂ ಸಾರಜನಕ ತುಂಬಿದೆ, ಚಿಪಾಟಾದ ಹೊಲದಲ್ಲಿ ಅದನ್ನು ಈ ದುಂಬಿ ಮುಟ್ಟಲಿಲ್ಲ. ನಾರು, ಒಗರು ಎರಡೇ ಲೆಕ್ಕವಾಗಿದ್ದರೆ ಅದೂ ಬೋಳಾಗಬೇಕಿತ್ತು. ಅತ್ತ ಸೆಸ್ಬೇನಿಯಾ ಕೂಡ ನಿರಾಯುಧ ಗಿಡವೇನಲ್ಲ. ಅದರ ಎಲೆಯಲ್ಲಿ ಸಪೋನಿನ್ ಇದೆ, ನೀರಿನಲ್ಲಿ ಕಲಕಿದರೆ ಸೀಗೆ, ಅಂಟುವಾಳದ ಹಾಗೆ ನೊರೆ ಬರಿಸುವ ವಸ್ತು. ದನಕುರಿಗಳ ಹೊಟ್ಟೆಯ ಪ್ರೋಟೊಜೋವಾ ಎಂಬ ಏಕಕೋಶ ಜೀವಿಗಳನ್ನು ಅದು ಕೊಲ್ಲುತ್ತದೆ, ನೀರಿನ ಬಸವನಹುಳುವನ್ನೂ ಕೊಲ್ಲಬಲ್ಲದು. ಮೆಸೊಪ್ಲಾಟಿಸ್‌ಗೆ ಮಾತ್ರ ಅದು ಅಡ್ಡಿಯಾಗಲಿಲ್ಲ.

ಒಂದೇ ಗಿಡವನ್ನು ನೆಚ್ಚಿದ ದುಂಬಿಗಳ ಹಣೆಬರಹವೇ ಹಾಗೆ, ಆ ಗಿಡದ ವಿಷಕ್ಕೆ ಮದ್ದು ಕಂಡುಕೊಂಡ ಮೇಲೇ ಅವು ಅದರ ಮೇಲೆ ಬದುಕಿಯಾವು. ಇದರ ಅತ್ಯಂತ ಸ್ಪಷ್ಟ ಉದಾಹರಣೆ ಮಧ್ಯ ಅಮೆರಿಕದ ಕಡೆಯ ದ್ವಿದಳ ಬಳ್ಳಿ ಡಯೋಕ್ಲಿಯಾ. ಅದರ ಬೀಜದಲ್ಲಿ ಕನಾವನಿನ್ ಎಂಬ ಅಮೈನೋ ಆಮ್ಲವಿದೆ. ನೋಡಲು, ಪ್ರೋಟೀನು ಕಟ್ಟಲು ಬೇಕಾದ ಆರ್ಜಿನಿನ್ ಎಂಬ ಇನ್ನೊಂದು ಅಮೈನೋ ಆಮ್ಲದ ತರಹವೇ, ಬೇರೆ ಹುಳ ತಿಂದರೆ ಅದರ ದೇಹ ಮೋಸಹೋಗಿ ಆರ್ಜಿನಿನ್ ಬದಲು ಕನಾವನಿನ್ ಹೆಣೆದು ಕೆಟ್ಟ ಪ್ರೋಟೀನು ಕಟ್ಟಿ ಸಾಯುತ್ತದೆ. ಕ್ಯಾರಿಡಿಸ್ ಎಂಬ ಕಾಳುದುಂಬಿ ಮಾತ್ರ ಎರಡರ ವ್ಯತ್ಯಾಸ ಗುರುತಿಸುತ್ತದೆ. ಅಷ್ಟೇ ಅಲ್ಲ, ಕನಾವನಿನ್ ಅನ್ನು ಒಡೆದು ಅದರ ಸಾರಜನಕವನ್ನೇ ಉಣ್ಣುತ್ತದೆ. 1970ರ ದಶಕದಲ್ಲಿ ಜೆರಾಲ್ಡ್ ರೋಸೆಂತಾಲ್ ಮತ್ತು ಡ್ಯಾನ್ ಜಾನ್ಜೆನ್ ತಂಡ ಇದನ್ನು ಬಿಡಿಸಿ ತೋರಿಸಿತು. ಊರಿಗೆಲ್ಲ ವಿಷವಾದದ್ದು ಒಂದು ಹುಳಕ್ಕೆ ಅನ್ನ. ಆದ್ದರಿಂದ "ಈ ಗಿಡದಲ್ಲಿ ವಿಷ ಇದೆ, ಹುಳ ಬೀಳುವುದಿಲ್ಲ" ಎಂಬ ಮಾತನ್ನು ಯಾವ ಹುಳ ಎಂದು ಕೇಳದೆ ಒಪ್ಪಬಾರದು.

ಚಿಪಾಟಾದಲ್ಲಿ ಉಳಿದ ಗಿಡಗಳ ಪೈಕಿ ನನ್ನ ಮೆಚ್ಚಿನದು ಟೆಫ್ರೋಸಿಯಾ ವೊಗೆಲಿ. ನಮ್ಮ ಹೊಲದ ಬದುಗಳಲ್ಲಿ ಕಾಣುವ ಶರಪುಂಖ, ಹಳ್ಳಿಯವರ ಕೊಗ್ಗಿ ಗಿಡದ ಕುಲದ್ದೇ, ಆದರೆ ಇನ್ನೂ ದೊಡ್ಡ ಪೊದೆ. ಆಫ್ರಿಕದಲ್ಲಿ ಇದರ ಎಲೆ ಜಜ್ಜಿ ನೀರಿಗೆ ಹಾಕಿ ಮೀನು ಹಿಡಿಯುವ ರೂಢಿ ಹಳೆಯದು. ಮಲೆನಾಡಿನಲ್ಲಿ ಕಾರೆಕಾಯಿ ಅರೆದು ಹಳ್ಳಕ್ಕೆ ಹಾಕುತ್ತಿದ್ದರಲ್ಲ, ಆ ಬಗೆ. ಮೀನಿಗೆ ಆಗುವುದು ಏನೆಂದರೆ, ಎಲೆಯಲ್ಲಿನ ರೋಟಿನಾಯ್ಡು ಎಂಬ ವಿಷವಸ್ತುಗಳು ಜೀವಕೋಶದ ಉಸಿರಾಟದ ಮೊದಲ ಮೆಟ್ಟಿಲನ್ನೇ ಮುರಿಯುತ್ತವೆ, ಆಮ್ಲಜನಕ ಇದ್ದೂ ಬಳಸಲಾಗದ ಸ್ಥಿತಿ. ಹುಳಕ್ಕೂ ಅದೇ ಗತಿ. ಮನೆಯಲ್ಲಿ ಕೂಡಿಟ್ಟ ಕಾಳಿಗೆ ಹುಳ ಬೀಳದಿರಲಿ ಎಂದು ಇದರ ಒಣ ಎಲೆ ಬೆರೆಸುವವರೂ ಅಲ್ಲಿದ್ದಾರೆ. ಟೆಫ್ರೋಸಿಯಾ ಆಫ್ರಿಕದ್ದೇ ಗಿಡ ಎನ್ನುವುದನ್ನು ಗಮನಿಸಿ. ಅಲ್ಲಿನ ಎಲೆದುಂಬಿಗಳಿಗೆ ಇದನ್ನು ಪಳಗಿಸಿಕೊಳ್ಳಲು ಬೇಕಾದಷ್ಟು ಕಾಲವಿತ್ತು. ಆದರೂ ಎಲೆ ಉಳಿದಿದೆ ಎಂದರೆ ಅದನ್ನು ನಿರೋಧ ಶಕ್ತಿ ಎಂದು ಧೈರ್ಯವಾಗಿ ಕರೆಯಬಹುದು. ಮಣ್ಣಿನಡಿ ಬೇರುಗಂಟು ಜಂತು ಇದನ್ನು ಕಾಡುತ್ತದೆ, ಅದು ಬೇರೆ ಮಾತು. ಎಲೆಯ ಕಾವಲುಗಾರ ಬೇರನ್ನು ಕಾಯಬೇಕೆಂದಿಲ್ಲ.

ಟೆಫ್ರೋಸಿಯಾದಲ್ಲೂ ಒಂದು ಗುಟ್ಟಿದೆ. ಬ್ರಿಟನ್ನಿನ ಫಿಲ್ ಸ್ಟೀವನ್ಸನ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದಂತೆ ಈ ಗಿಡದಲ್ಲಿ ರಸಾಯನದ ದೃಷ್ಟಿಯಿಂದ ಎರಡು ಪಂಗಡ. ಒಂದರಲ್ಲಿ ರೋಟಿನಾಯ್ಡು ಇದೆ, ಇನ್ನೊಂದರಲ್ಲಿ ಇಲ್ಲ, ಅದರ ಜಾಗದಲ್ಲಿ ಹುಳ ಕೊಲ್ಲದ ಬೇರೆ ವಸ್ತು. ಮೇಲ್ನೋಟಕ್ಕೆ ಅವಳಿಜವಳಿ. ಮಣ್ಣಿಗೆ ಎರಡೂ ಸಾರಜನಕ ಕೊಡುತ್ತವೆ. ಗೊಬ್ಬರಕ್ಕೆಂದು ಬೀಜ ಹಂಚುವಾಗ ಯಾರೂ ಈ ವ್ಯತ್ಯಾಸ ನೋಡಲಿಲ್ಲ, ನೋಡುವ ಕಾರಣವೂ ಇರಲಿಲ್ಲ. ಎಲೆ ಕಷಾಯ ಮಾಡಿ ಹುಳಕ್ಕೆ ಹೊಡೆದು ಫಲ ಕಾಣದ ರೈತ ತನ್ನ ಕೈಯ ತಪ್ಪೆಂದೇ ತಿಳಿದಿರಬೇಕು.

ನಾಲ್ಕರಲ್ಲೊಂದಾದ ತೊಗರಿಯ ಕಥೆ ಚಿಕ್ಕದು. ಎಲೆ ಚೆನ್ನ, ಕಾಳೂ ಸಿಗುತ್ತದೆ, ಆದರೆ ಕೊಯ್ಲು ಮುಗಿದ ಮೇಲೆ ದನಮೇಕೆಗಳನ್ನು ಬಿಟ್ಟು ಮೇಯಿಸುವ ಊರಿನಲ್ಲಿ ಎರಡು ವರ್ಷ ನಿಲ್ಲಬೇಕಾದ ತೊಗರಿ ನಿಲ್ಲಲಿಲ್ಲ. ಆರು ಕಾಲಿನ ಶತ್ರುವಿಗಿಂತ ನಾಲ್ಕು ಕಾಲಿನದು ಜೋರು.

ಪರದೇಶದ ಗಿಡದ ಹೊಳಪು

ಈಗ ಗ್ಲಿರಿಸಿಡಿಯಾ. ಮೂಲ ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ. ಅಲ್ಲಿನ ಜನ ಇದನ್ನು ಕರೆಯುವುದು 'ಮಾತಾ ರಾತೋನ್', ಅಂದರೆ ಇಲಿ ಕೊಲ್ಲುವುದು. ಸಸ್ಯಶಾಸ್ತ್ರದ ಹೆಸರಿನ ಅರ್ಥವೂ ಅದೇ. ಎಲೆ ತೊಗಟೆಯನ್ನು ಕಾಳಿನ ಜೊತೆ ಬೇಯಿಸಿ ಇಲಿಗೆ ಇಡುತ್ತಿದ್ದರು. ಎಲೆಯಲ್ಲಿರುವ ಕೂಮರಿನ್ ಎಂಬ ವಾಸನೆಯ ವಸ್ತು ಅದರ ಗುಟ್ಟು. ಬೂಷ್ಟು, ಬ್ಯಾಕ್ಟೀರಿಯಾ ತಗುಲಿದಾಗ ಕೂಮರಿನ್ ರಕ್ತ ಹೆಪ್ಪುಗಟ್ಟಲು ಬಿಡದ ವಸ್ತುವಾಗಿ ಬದಲಾಗುತ್ತದೆ. ನಮ್ಮಲ್ಲಿ ಹಸಿ ಎಲೆ ಮುಂದೆ ಹಿಡಿದರೆ ಆಡು ಹಸು ಮೊದಲಿಗೆ ಮೂಗು ಮುರಿಯುತ್ತವೆ, ಬಾಡಿಸಿ ಕೊಟ್ಟರೆ ಮೆಲ್ಲಗೆ ರೂಢಿ ಮಾಡಿಕೊಳ್ಳುತ್ತವೆ. ಆ ವಾಸನೆಯ ಸಂಗತಿಯನ್ನು ಕುರಿ ಸಾಕುವವರೆಲ್ಲ ಬಲ್ಲರು.

ಹಾಗಾದರೆ ದುಂಬಿ ಬೀಳದಿರಲು ಕೂಮರಿನ್ ಕಾರಣ ಎಂದು ಬರೆದು ಮುಗಿಸಬಹುದಿತ್ತು. ನನಗೆ ಅಷ್ಟು ಧೈರ್ಯವಿಲ್ಲ. ಮೆಸೊಪ್ಲಾಟಿಸ್ ಸೆಸ್ಬೇನಿಯಾ ಬಿಟ್ಟು ಬೇರೆಯದನ್ನು ಹೆಚ್ಚುಕಡಿಮೆ ಊಟವೆಂದೇ ಗುರುತಿಸದ ಹುಳ. ಅದು ಗ್ಲಿರಿಸಿಡಿಯಾ ತಿನ್ನಲಿಲ್ಲ ಎನ್ನುವುದರಿಂದ ಗ್ಲಿರಿಸಿಡಿಯಾದ ಶಕ್ತಿ ಏನೂ ಸಾಬೀತಾಗುವುದಿಲ್ಲ. ರೇಷ್ಮೆಹುಳು ಹಲಸಿನೆಲೆ ತಿನ್ನಲಿಲ್ಲ ಎಂದು ಹಲಸಿಗೆ ಬಿರುದು ಕೊಟ್ಟ ಹಾಗಾದೀತು.

ಕೀಟಶಾಸ್ತ್ರದಲ್ಲಿ ಈ ಗೊಂದಲ ಬಿಡಿಸಲು ಹಳೆಯ ದಾರಿಯೊಂದಿದೆ. ಕಾನ್ಸಾಸಿನ ರೆಜಿನಾಲ್ಡ್ ಪೇಂಟರ್ 1951ರಲ್ಲಿ ಗಿಡದ ನಿರೋಧವನ್ನು ಮೂರಾಗಿ ವಿಂಗಡಿಸಿದರು. ಹುಳಕ್ಕೆ ಗಿಡವೇ ಬೇಡವಾಗುವುದು ಒಂದು, ತಿಂದ ಹುಳ ಸೊರಗುವುದು ಇನ್ನೊಂದು, ತಿಂದರೂ ಗಿಡ ಚೇತರಿಸಿಕೊಳ್ಳುವುದು ಮತ್ತೊಂದು. ಮೊದಲನೆಯದನ್ನು ತಿಳಿಯಲು ಹುಳದ ಮುಂದೆ ಎರಡು ಬಗೆಯ ಎಲೆ ಇಡಬೇಕು. ಎರಡನೆಯದಕ್ಕೆ ಒಂದೇ ಎಲೆಯ ಜೊತೆ ಮರಿಗಳನ್ನು ಕೂಡಿಹಾಕಿ ತೂಕ ನೋಡಬೇಕು. ಮೂರನೆಯದಕ್ಕೆ ಗಿಡದ ಎಲೆಯನ್ನು ಕೈಯಾರೆ ಕಿತ್ತು ಚಿಗುರಿಗೆ ಕಾಯಬೇಕು. ಚಿಪಾಟಾದ ನಾಲ್ಕು ಗಿಡಗಳನ್ನು ಈ ಮೂರು ಖಾನೆಯಲ್ಲಿ ಕೂರಿಸಿದರೆ, ದೊಡ್ಡದಾದ ಸೆಸ್ಬೇನಿಯಾ ಮೂರನೆಯದಕ್ಕೆ ಸೇರುತ್ತದೆ, ರೋಟಿನಾಯ್ಡು ಇರುವ ಟೆಫ್ರೋಸಿಯಾ ಮೊದಲೆರಡಕ್ಕೆ. ಗ್ಲಿರಿಸಿಡಿಯಾಕ್ಕೆ ಪೇಂಟರ್ ಖಾನೆಗಳ ಹೊರಗೆ ನಾಲ್ಕನೆಯ ಸಾಧ್ಯತೆಯೂ ಇದೆ. ಅದರ ಹುಳ ಅದರ ಹಿಂದೆ ಹಡಗು ಹತ್ತಿ ಇನ್ನೂ ಬಂದಿಲ್ಲದಿರಬಹುದು.

ಹಾಗೆ ಬರುವುದು ಎಂದರೇನು ಎನ್ನುವುದನ್ನು ಕರ್ನಾಟಕದ ರೈತರು ಸುಬಾಬುಲ್‌ನಲ್ಲಿ ಕಂಡಿದ್ದಾರೆ. ಅದೂ ಮೆಕ್ಸಿಕೊ ಕಡೆಯ ದ್ವಿದಳ ಮರ. ಎಲೆಯಲ್ಲಿ ಮೈಮೋಸಿನ್ ಎಂಬ ವಿಷ ಇದೆ, ಹೆಚ್ಚು ಮೇಯಿಸಿದರೆ ದನದ ಕೂದಲು ಉದುರುತ್ತದೆ. ತವರಿನ ಹೊರಗೆ ದಶಕಗಳ ಕಾಲ ಎಲೆಗೆ ಹೇಳಿಕೊಳ್ಳುವಂಥ ಹುಳ ಬೀಳದ ಪವಾಡದ ಮರ ಎಂದು ಜಗತ್ತೇ ಹೊಗಳುತ್ತಿತ್ತು. 1984ರಲ್ಲಿ ಸಿಲ್ಲಿಡ್ ಎಂಬ ಅಕ್ಕಿಕಾಳಿಗಿಂತ ಸಣ್ಣ ರಸ ಹೀರುವ ಕೀಟ ಹವಾಯಿಯಲ್ಲಿ ಕಾಣಿಸಿತು. ಮರುವರ್ಷ ಫಿಲಿಪೀನ್ಸ್, ಅದರ ಮರುವರ್ಷ ಇಂಡೊನೇಷ್ಯಾ, ಥಾಯ್ಲೆಂಡ್, ಆಸ್ಟ್ರೇಲಿಯಾ. 1988ರ ಹೊತ್ತಿಗೆ ಭಾರತ. 1992ರಲ್ಲಿ ಕೆನ್ಯಾ. ಮೈಮೋಸಿನ್ ಅದಕ್ಕೆ ಲೆಕ್ಕಕ್ಕೇ ಬರಲಿಲ್ಲ. ಹೆಚ್ಚಿನ ಕಡೆ ನೆಟ್ಟಿದ್ದ ಮರಗಳು ಕೆಲವೇ ತಳಿಯವು, ತಮ್ಮ ಹೂವಿಗೆ ತಾವೇ ಪರಾಗ ಕೊಟ್ಟುಕೊಳ್ಳುವಂಥವು, ಹಾಗಾಗಿ ಒಂದು ಮರ ಸೋತ ಕಡೆ ಎಲ್ಲವೂ ಸೋತವು. ತವರಿನಲ್ಲಿ ಆ ಕೀಟದ ಜೊತೆಗೇ ಬೆಳೆದ ಲ್ಯೂಸೀನಾ ಪಲ್ಲಿಡಾ, ಲ್ಯೂಸೀನಾ ಕೊಲಿನ್ಸಿ ಎಂಬ ಅದರ ಸೋದರ ಜಾತಿಗಳು ತಡೆದುಕೊಂಡವು. ಅವುಗಳ ಜೊತೆ ಸಂಕರ ಮಾಡಿ ಹೊಸ ತಳಿ ತರಲು ವರ್ಷಗಳೇ ಹಿಡಿದವು. ಈ ನಡುವೆ ಥಾಯ್ಲೆಂಡಿನಿಂದ ಕ್ಯುರಿನಸ್ ಎಂಬ ನೀಲಿ ಹೊಳಪಿನ ಗುಲಗಂಜಿ ಹುಳುವನ್ನು ಬೆಂಗಳೂರಿಗೆ ತರಿಸಿ ಬಿಟ್ಟರು. ಎಲೆ ತಿನ್ನುವ ದುಂಬಿಗಳ ಕಥೆಯ ನಡುವೆ ಎಲೆ ಕಾಯುವ ದುಂಬಿಯೊಂದು.

ಗ್ಲಿರಿಸಿಡಿಯಾಕ್ಕೆ ನಮ್ಮಲ್ಲಿ ಹುಳವೇ ಇಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಚಳಿಗಾಲ ಕಳೆಯುವ ಹೊತ್ತಿಗೆ ಅದರ ಎಳೆಚಿಗುರಿನಲ್ಲಿ ಅಲಸಂದೆಯ ಕಪ್ಪು ಹೇನು ಮುತ್ತಿರುವುದನ್ನು ನೋಡಬಹುದು, ಕೆಳಗಿನ ಎಲೆ ಜಿಗುಟಾಗಿರುತ್ತದೆ. ಅಗಿದು ತಿನ್ನುವ ಬಾಯಿಗೆ ಒಲ್ಲದ ಎಲೆ ಹೀರುವ ಬಾಯಿಗೆ ಒಗ್ಗುತ್ತದೆ.

ಪೂರ್ವ ಪ್ರಾಂತ್ಯದಲ್ಲಿ ಮುಂದೇನಾಯಿತು? ಸೆಸ್ಬೇನಿಯಾ ಹಿಂದೆ ಸರಿಯಿತು. ದುಂಬಿಯೊಂದೇ ಅದನ್ನು ಹೊರಹಾಕಿತು ಎಂದರೆ ಅತಿಶಯವಾದೀತು. ಮಡಿಯ ಕೆಲಸ, ಬೇಸಿಗೆಯ ನೀರು, ಕಡಿದ ಮೇಲೆ ಚಿಗುರದೆ ಸಾಯುವ ಗುಣ, ಇವೆಲ್ಲ ಸೇರಿ ತೂಕ ಬಿದ್ದಿತು. ದುಂಬಿ ಕೊನೆಯ ಹುಲ್ಲುಕಡ್ಡಿ. ನೇರ ಬಿತ್ತಬಹುದಾದ ಟೆಫ್ರೋಸಿಯಾವನ್ನು ಹಲವರು ಹಿಡಿದುಕೊಂಡರು. ಕಡಿದಷ್ಟೂ ಚಿಗುರಿ ವರ್ಷಗಟ್ಟಲೆ ಎಲೆ ಕೊಡುವ ಗ್ಲಿರಿಸಿಡಿಯಾವನ್ನು ಮೆಕ್ಕೆಜೋಳದ ಸಾಲುಗಳ ನಡುವೆಯೇ ನೆಡುವ ಪದ್ಧತಿ ಬಂತು, ಹೊಲ ಬೀಳು ಬಿಡುವ ಗೋಜೂ ತಪ್ಪಿತು. ಲುವಾಂಗ್ವಾ ಕಣಿವೆಯ ಸುತ್ತ ಕೊಮಾಕೊ ಎಂಬ ಸಂಸ್ಥೆ ಈಗಲೂ ರೈತರಿಂದ ಅದನ್ನು ನೆಡಿಸುತ್ತಿದೆ.

ಗಡಿಯಾಚೆ ಮಲಾವಿಯ ಮಕೋಕಾ ಕೇಂದ್ರದಲ್ಲಿ 1990ರ ದಶಕದ ಆರಂಭದಿಂದ ನಡೆದ ಹೆಸರಾಂತ ಗ್ಲಿರಿಸಿಡಿಯಾ ಪ್ರಯೋಗದ ಗಿಡಗಳ ಮೂಲ ಗ್ವಾಟೆಮಾಲಾದ ರೆಟಾಲುಲೆಯು. ಎಲೆ ಹೆಚ್ಚು ಕೊಡುತ್ತದೆ ಎಂದು ಹಲವು ದೇಶಗಳ ಪರೀಕ್ಷೆಯಲ್ಲಿ ಗೆದ್ದ ಮೂಲ ಅದು. ನಮ್ಮಲ್ಲಾದರೆ ಅಷ್ಟು ವಿಚಾರಣೆಯೂ ಇಲ್ಲ. ಪಕ್ಕದ ತೋಟದ ಬೇಲಿಯಿಂದ ತೋಳುದ್ದದ ಕೊಂಬೆ ಕಡಿದು ತಂದು ಮಳೆಗೆ ಮೊದಲು ಊರುತ್ತೇವೆ. ಆ ಬೇಲಿಯೂ ಇನ್ನೊಂದು ಬೇಲಿಯಿಂದ ಬಂದದ್ದು. ಒಂದು ಊರಿನ ಎಷ್ಟು ಬದುಗಳಲ್ಲಿ ನಿಂತಿರುವುದು ಒಂದೇ ಮರದ ಕೊಂಬೆಗಳೋ, ಲೆಕ್ಕ ಇಟ್ಟವರಿಲ್ಲ.